ಜೆನ್ನೆಯ ಸೋಮವಾರದ ಸಂತೆ

ಶಾಲೆಯ ಅಟ್ಲಾಸ್ ತೆರೆದು ಶಿವಮೊಗ್ಗದ ಮೇಲೆ ಬೆರಳಿಡಿ. ಅಕ್ಷಾಂಶದ ಗೆರೆ ಹಿಡಿದು ನೇರವಾಗಿ ಪಶ್ಚಿಮಕ್ಕೆ ಹೊರಡಿ. ಘಟ್ಟ ಇಳಿದು ಅರಬ್ಬೀ ಸಮುದ್ರ ದಾಟಿದರೆ ಯೆಮೆನ್ ಸಿಗುತ್ತದೆ. ಆಮೇಲೆ ಕೆಂಪು ಸಮುದ್ರ, ಇಥಿಯೋಪಿಯಾದ ಬೆಟ್ಟಗಳು, ಸುಡಾನ್, ಚಾಡ್, ನೈಜರ್, ಬುರ್ಕಿನಾ ಫಾಸೊ. ಅಲ್ಲಿಂದ ಮಾಲಿ ದೇಶದೊಳಕ್ಕೆ ಕಾಲಿಟ್ಟರೆ, ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ, ಬಾನಿ ಎಂಬ ನದಿಯ ಪಕ್ಕದಲ್ಲಿ ಜೆನ್ನೆ ಎಂಬ ಪಟ್ಟಣವಿದೆ. ಅಕ್ಷಾಂಶ ಒಂದೇ ಆದ ಮಾತ್ರಕ್ಕೆ ಹವೆ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಶಿವಮೊಗ್ಗದ ಪಶ್ಚಿಮಕ್ಕೆ ಮಲೆನಾಡು. ಜೆನ್ನೆಯ ಉತ್ತರಕ್ಕೆ ಸಹಾರಾ ಮರುಭೂಮಿ.

ಮಾಲಿಯ ರಾಜಧಾನಿ ಬಮಾಕೊದಿಂದ ಜೆನ್ನೆಗೆ ರಸ್ತೆಯಲ್ಲಿ ಸುಮಾರು 570 ಕಿ.ಮೀ. ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿ, ದೋಣಿಯಲ್ಲಿ ಬಾನಿಯನ್ನು ದಾಟಿ ಊರು ಸೇರಬೇಕು. 2009ರ ಜನಗಣತಿಯಲ್ಲಿ ಸುತ್ತಲಿನ ಹಳ್ಳಿಗಳೂ ಸೇರಿ ಸುಮಾರು 33 ಸಾವಿರ ಜನ. ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ತಾಲ್ಲೂಕು ಕೇಂದ್ರ, ಅಷ್ಟೆ. ಆದರೆ ಸೋಮವಾರ ಮಾತ್ರ ಈ ಊರಿನ ಚಹರೆಯೇ ಬೇರೆ. ಬೆಳಕು ಹರಿಯುವ ಮೊದಲೇ ಕತ್ತೆಗಾಡಿ, ಕುದುರೆಗಾಡಿ, ದೋಣಿ, ಲಾರಿಗಳಲ್ಲಿ, ತಲೆಹೊರೆಯಲ್ಲಿ, ನಾಲ್ಕು ದಿಕ್ಕಿನಿಂದಲೂ ಜನ ಬಂದು ದೊಡ್ಡ ಮಸೀದಿಯ ಮುಂದಿನ ಬಯಲನ್ನು ತುಂಬುತ್ತಾರೆ. ಅಂದು ವಾರದ ಸಂತೆ.

ಸಂತೆಯಲ್ಲಿ ಕಿವಿಗೊಟ್ಟರೆ ಮೂರು ನಾಲ್ಕು ಭಾಷೆಗಳು ಒಟ್ಟಿಗೇ ಕೇಳುತ್ತವೆ. ಪಟ್ಟಣದ ಮನೆಮಾತು ಸೋಂಘಾಯ್ ಭಾಷೆಯ ಒಂದು ಬಗೆ. ಮೀನುಗಾರ ಬೋಜೊಗಳದು ಬೇರೆ ನುಡಿ. ದನಗಾಹಿ ಫುಲಾನಿಗಳದು ಇನ್ನೊಂದು. ಒಣಭೂಮಿಯ ಬೇಸಾಯಗಾರ ಬಂಬಾರಾಗಳ ಮಾತು ಮಾಲಿಯ ಬಹುಪಾಲು ಊರುಗಳಲ್ಲಿ ವ್ಯಾಪಾರದ ಭಾಷೆಯೂ ಹೌದು. ಪೂರ್ವದ ಕಲ್ಲುಗುಡ್ಡಗಳ ಕಡೆಯ ಡೋಗೊನ್ನರು, ಭತ್ತ ಬೆಳೆಯುವ ಹಳೆಯ ವರ್ತಕ ಕುಲದ ಮಾರ್ಕಾಗಳು ಇವರೊಂದಿಗೆ ಸೇರುತ್ತಾರೆ. ಸಂತೆಯ ಹೆಂಗಸು ಒಬ್ಬೊಬ್ಬ ಗಿರಾಕಿಯೊಡನೆ ಒಂದೊಂದು ಭಾಷೆಯಲ್ಲಿ ಚೌಕಾಸಿ ಮಾಡುವುದು ಇಲ್ಲಿ ದೊಡ್ಡ ಸಂಗತಿಯೇನಲ್ಲ. 2023ರಲ್ಲಿ ಬಂದ ಮಾಲಿಯ ಹೊಸ ಸಂವಿಧಾನವು ಫ್ರೆಂಚನ್ನು ಅಧಿಕೃತ ಭಾಷೆಯ ಸ್ಥಾನದಿಂದ ಇಳಿಸಿ, ಕೇವಲ ವ್ಯವಹಾರದ ಭಾಷೆಯಾಗಿ ಉಳಿಸಿಕೊಂಡು, ದೇಶದ 13 ಭಾಷೆಗಳನ್ನು ಅಧಿಕೃತವೆಂದು ಮಾನ್ಯ ಮಾಡಿತು. ಸಂತೆ ಆ ಕೆಲಸವನ್ನು ಎಂದೋ ಮಾಡಿ ಮುಗಿಸಿತ್ತು!

ಇಷ್ಟೊಂದು ಜನಾಂಗಗಳು ಒಂದೇ ಕಡೆ ಹೇಗೆ ಸೇರಿದವು? ಉತ್ತರಕ್ಕಾಗಿ ಪಟ್ಟಣವನ್ನು ಬಿಟ್ಟು ನದಿಯ ಕಡೆ ನೋಡಬೇಕು.

ನೈಜರ್ ನದಿ ಹುಟ್ಟುವುದು ಗಿನಿ ದೇಶದ ಬೆಟ್ಟಗಳಲ್ಲಿ. ಅಲ್ಲಿಂದ ಅಟ್ಲಾಂಟಿಕ್ ಸಾಗರ ಬರೀ 240 ಕಿ.ಮೀ. ದೂರ. ಆದರೂ ಈ ನದಿ ಸಾಗರಕ್ಕೆ ಬೆನ್ನು ಹಾಕಿ ಈಶಾನ್ಯದ ಮರುಭೂಮಿಯತ್ತ ಹೊರಡುತ್ತದೆ; ಟಿಂಬಕ್ಟುವಿನ ಬಳಿ ಸಹಾರಾದ ಅಂಚನ್ನು ಮುಟ್ಟಿ, ಬಿಲ್ಲಿನಂತೆ ಬಾಗಿ, ಒಟ್ಟು 4,180 ಕಿ.ಮೀ. ಹರಿದ ಮೇಲೆ ನೈಜೀರಿಯಾದಲ್ಲಿ ಸಾಗರ ಸೇರುತ್ತದೆ. ದಾರಿಯಲ್ಲಿ, ಮಾಲಿಯ ನಡುವೆ, ಅದು ಅತ್ಯಂತ ಸಪಾಟಾದ ಬಯಲೊಂದನ್ನು ಹೊಗುತ್ತದೆ. ಇಳಿಜಾರು ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್. ಬಾನಿ ನದಿ ಇಲ್ಲಿಯೇ ನೈಜರನ್ನು ಕೂಡುತ್ತದೆ. ಮುಂದಕ್ಕೆ ಓಡಲಾರದ ನೀರು ಅಗಲಕ್ಕೆ ಹರಡಿಕೊಳ್ಳುತ್ತದೆ. ಒಳ್ಳೆಯ ಮಳೆಯ ವರ್ಷದಲ್ಲಿ 20 ಸಾವಿರ ಚದರ ಕಿ.ಮೀ.ಗೂ ಮಿಕ್ಕಿ ನೆಲ ನೀರಿನಡಿ ಹೋಗುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಒಂದೂವರೆ ಪಟ್ಟು ಎನ್ನಿ. ಸಮುದ್ರವಿಲ್ಲದ ಕಡೆ ಇರುವ ಈ ಮುಖಜಭೂಮಿಗೆ ಭೂಗೋಳಜ್ಞರು ನೈಜರಿನ ಒಳನಾಡು ಮುಖಜಭೂಮಿ ಎಂದು ಹೆಸರಿಟ್ಟಿದ್ದಾರೆ.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಿನಿಯಲ್ಲಿ ಮಳೆಯ ಜೋರು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಆ ನೀರು ತೆವಳುತ್ತ ತೆವಳುತ್ತ ಮೋಪ್ಟಿ ಪಟ್ಟಣದಲ್ಲಿ ಏರುವುದು ಅಕ್ಟೋಬರ್-ನವೆಂಬರಿನಲ್ಲಿ. ಟಿಂಬಕ್ಟುವಿನ ಬಳಿಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಆಕಾಶದಲ್ಲಿ ಮೋಡದ ಸುಳಿವೂ ಇಲ್ಲದ ಒಣ ಕಾಲದಲ್ಲಿ ಅಲ್ಲಿ ನೆರೆ! ಹೀಗೆ ಹರಡಿದ ನೀರಿನಲ್ಲಿ ಅರ್ಧಕ್ಕೆ ಹತ್ತಿರದಷ್ಟು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಇದನ್ನು ನಷ್ಟವೆಂದು ಎಂಜಿನಿಯರುಗಳು ಬರೆದುಕೊಳ್ಳುತ್ತಾರೆ. ಆವಿಯಾಗುವ ಮೊದಲು ಅದು ಮಾಡಿಹೋಗುವ ಕೆಲಸ ಆ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ.

ಆ ಕೆಲಸ ಏನು? ಒಂದೇ ಒಂದು ತಗ್ಗು ಬಯಲಿನ ವರ್ಷವನ್ನು ನೋಡೋಣ. ಜುಲೈಯಲ್ಲಿ ಮೊದಲ ಮಳೆ ಬಿದ್ದಾಗ ಅಲ್ಲಿ ಭತ್ತ ಬಿತ್ತುತ್ತಾರೆ. ಇದು ನಮ್ಮ ಭತ್ತವಲ್ಲ. ನಾವು ಬೆಳೆಯುವುದು ಒರೈಜ ಸಟೈವ. ಇವರ ಹಿರಿಯರು ಇದೇ ನೈಜರಿನ ಕೆಸರಿನಲ್ಲಿ ಸುಮಾರು 3 ಸಾವಿರ ವರ್ಷಗಳ ಹಿಂದೆ ಕಾಡುಭತ್ತದಿಂದ ಪಳಗಿಸಿದ್ದು ಒರೈಜ ಗ್ಲಾಬೆರಿಮ. ಭತ್ತವನ್ನು ಏಷ್ಯಾದವರಿಂದ ಕಲಿಯದೆ ಸ್ವತಂತ್ರವಾಗಿ ಪಳಗಿಸಿದ ಜನ ಇವರು. ಸಸಿ ಮೊಣಕಾಲೆತ್ತರ ಬರುವಾಗ ನೆರೆ ಬರುತ್ತದೆ. ನೀರು ಏರಿದಂತೆ ಗಿಡವೂ ಕಾಂಡವನ್ನು ಉದ್ದ ಮಾಡುತ್ತ ತಲೆಯನ್ನು ನೀರಿನ ಮೇಲೆಯೇ ಇಟ್ಟುಕೊಳ್ಳುತ್ತದೆ. ಎರಡು ಮೀಟರ್ ಆಳದ ನೀರಿಗೂ ಜಗ್ಗದ ತಳಿಗಳಿವೆ. ತೆನೆ ಮಾಗಿದಾಗ ಕೆಲವು ಕಡೆ ದೋಣಿಯಲ್ಲಿ ಕುಳಿತೇ ಕೊಯ್ಲು.

ಅದೇ ನೀರಿನಲ್ಲಿ, ಅದೇ ತಿಂಗಳುಗಳಲ್ಲಿ, ಮೀನುಗಳು ಭತ್ತದ ಬುಡಕ್ಕೆ ಬಂದು ಮೊಟ್ಟೆಯಿಡುತ್ತವೆ. ನೀರು ಇಳಿಯತೊಡಗಿದಾಗ ಮರಿಗಳು ನದಿಗೆ ಮರಳುವ ಕಾಲುವೆಗಳ ಬಾಯಲ್ಲಿ ಬೋಜೊಗಳ ಬಲೆ ಕಾದಿರುತ್ತದೆ. ಎಲ್ಲಿ ಯಾವಾಗ ಬಲೆ ಬೀಸಬೇಕೆಂದು ನಿಶ್ಚಯಿಸುವ ಹಕ್ಕು 'ನೀರಿನ ಯಜಮಾನ' ಎಂಬ ಹಿರಿಯನದು. ಕಾಲಕ್ಕೆ ಮೊದಲೇ ಬಲೆ ಬೀಸಿದರೆ ಮುಂದಿನ ವರ್ಷ ಮೀನಿಲ್ಲ. ಇದನ್ನು ಅವರಿಗೆ ಯಾವ ಮೀನುಗಾರಿಕಾ ಇಲಾಖೆಯೂ ಕಲಿಸಿದ್ದಲ್ಲ.

ಇನ್ನೂ ಆಳದ ತಗ್ಗುಗಳಲ್ಲಿ ಬೂರ್ಗು ಎಂಬ ಹುಲ್ಲು ಮೂರು ನಾಲ್ಕು ಮೀಟರ್ ಉದ್ದಕ್ಕೆ ತೇಲುತ್ತ ಬೆಳೆಯುತ್ತದೆ. ನೀರು ಇಳಿದ ಮೇಲೆ ಕೆಸರಿನಲ್ಲಿ ಉಳಿಯುವ ಈ ಹುಲ್ಲು ಮೇವಿನ ರಾಜ. ಸುತ್ತಲಿನ ಒಣನೆಲದಲ್ಲಿ ಹಸಿರೆಂಬುದೇ ಇಲ್ಲದಾಗ ಇಲ್ಲಿ ಮಾತ್ರ ಇರುತ್ತದೆ. ಮಳೆಗಾಲವನ್ನು ದೂರದ ಬಯಲುಗಳಲ್ಲಿ ಕಳೆದ ಫುಲಾನಿಗಳು ಈಗ ಸಾವಿರಾರು ದನಗಳೊಂದಿಗೆ ಹಿಂದಿರುಗುತ್ತಾರೆ. ಕೊಯ್ಲಾದ ಗದ್ದೆಯ ಕೂಳೆ ದನಕ್ಕೆ, ದನದ ಸಗಣಿ ಗದ್ದೆಗೆ. ಕುರಿಮಂದೆಯನ್ನು ಹೊಲದಲ್ಲಿ ತಂಗಿಸಿಕೊಳ್ಳುವ ನಮ್ಮ ಬಯಲುಸೀಮೆಯ ರೈತರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಒಂದೇ ನೆಲ ವರ್ಷದಲ್ಲಿ ಮೂರು ಜನರದು: ರೈತನದು, ಬೆಸ್ತನದು, ದನಗಾಹಿಯದು. ಗಡಿ ಹಾಕಿರುವುದು ಬೇಲಿಯಿಂದಲ್ಲ, ತಿಂಗಳುಗಳಿಂದ. ಬಸ್ಸಿನ ಒಂದೇ ಸೀಟನ್ನು ಮೂರು ಊರಿನ ಪ್ರಯಾಣಿಕರು ಸರದಿಯಂತೆ ಬಳಸಿದ ಹಾಗೆ. ಒಬ್ಬ ಇಳಿಯುವುದು ತಡವಾದರೆ ಅಥವಾ ಇನ್ನೊಬ್ಬ ಬೇಗ ಹತ್ತಿದರೆ ಜಗಳ ತಪ್ಪದು. ದನ ಒಂದು ವಾರ ಮೊದಲೇ ಬಂದರೆ ನಿಂತ ಪೈರು ಹಾಳು; ಒಂದು ವಾರ ತಡವಾದರೆ ಹುಲ್ಲು ಒಣಗಿಹೋಗುತ್ತದೆ. ಆದ್ದರಿಂದ ದಿಯಾಫರಾಬೆ ಎಂಬಲ್ಲಿ ದನಗಳು ನದಿಯನ್ನು ಈಜಿ ದಾಟುವ ದಿನವನ್ನು ನೀರಿನ ಮಟ್ಟ, ಹುಲ್ಲು, ಕೊಯ್ಲು ಇವನ್ನೆಲ್ಲ ನೋಡಿ ಹಿರಿಯರು ಕೂಡಿ ಗೊತ್ತುಮಾಡುತ್ತಾರೆ. ಆ ದಿನ ದೊಡ್ಡ ಜಾತ್ರೆ. 2005ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಹಾದಿ, ಹುಲ್ಲುಗಾವಲು, ಸರದಿಗಳ ಕಟ್ಟಳೆಗಳನ್ನು 19ನೇ ಶತಮಾನದ ಮೊದಲ ಭಾಗದಲ್ಲಿ ಕ್ರಮಪಡಿಸಿದವನು ಇಲ್ಲಿ ಫುಲಾನಿ ರಾಜ್ಯ ಕಟ್ಟಿದ ಸೇಕು ಅಮದು.

ಈಗ ಸಂತೆಗೆ ಮರಳಬಹುದು. ಅಲ್ಲಿ ಕುಳಿತವರು ಯಾರು, ಅವರ ಮುಂದಿನ ಬುಟ್ಟಿಯಲ್ಲಿರುವುದೇನು ಎಂಬುದು ಇನ್ನು ತಾನಾಗಿ ತಿಳಿಯುತ್ತದೆ. ಬೋಜೊ ಹೆಂಗಸರ ಮುಂದೆ ಒಣಗಿಸಿದ, ಹೊಗೆಯಲ್ಲಿಟ್ಟ ಮೀನಿನ ರಾಶಿ. ಫುಲಾನಿ ಹೆಂಗಸರ ಸೋರೆಬುರುಡೆಗಳಲ್ಲಿ ಹಾಲು, ಮೊಸರು, ಬೆಣ್ಣೆ. ಅವರಲ್ಲಿ ಸಿರಿವಂತರ ಕಿವಿಗಳಲ್ಲಿ ಅಂಗೈಯಗಲದ ಚಿನ್ನದ ಓಲೆ. ಹಾಲು ಕೊಟ್ಟು ಧಾನ್ಯ ಪಡೆಯುವ ಸಾಟಿ ವ್ಯಾಪಾರ ಹಿಂದಿನಿಂದ ಬಂದದ್ದು. ಮಡಕೆ ಮಾರುವವರು ಹೆಚ್ಚಾಗಿ ಕಮ್ಮಾರರ ಹೆಂಡತಿಯರು: ಗಂಡನದು ಕಬ್ಬಿಣ, ಹೆಂಡತಿಯದು ಮಣ್ಣು, ಇಬ್ಬರದೂ ಬೆಂಕಿಯ ಕೆಲಸವೇ.

ಧಾನ್ಯದ ಸಾಲಿಗೆ ಬಂದರೆ ಕೊಪ್ಪಳ, ರಾಯಚೂರಿನ ಕಡೆಯವರು ನಿಂತುಬಿಟ್ಟಾರು. ಅಲ್ಲಿರುವುದು ಸಜ್ಜೆ! ಬಂಬಾರಾ ರೈತರು ತಂದದ್ದು. ಸಜ್ಜೆಯ ತವರೇ ಈ ಸೀಮೆ. ಮಾಲಿಯ ಈಶಾನ್ಯದಲ್ಲಿ, ಟಿಲೆಮ್ಸಿ ಎಂಬ ಇಂದು ಒಣಗಿರುವ ಕಣಿವೆಯಲ್ಲಿ, ಸುಮಾರು 4,500 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ಪಳಗಿಸಿದ ಸಜ್ಜೆಯ ಹೊಟ್ಟಿನ ಗುರುತುಗಳು ದೊರೆತಿವೆ. ಅಲ್ಲಿಂದ ಕೈಯಿಂದ ಕೈಗೆ ದಾಟುತ್ತ ಆ ಕಾಳು ಆಫ್ರಿಕವನ್ನೆಲ್ಲ ಹಾದು, ಸಮುದ್ರ ದಾಟಿ ನಮ್ಮಲ್ಲಿಗೆ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನ ನವಶಿಲಾಯುಗದ ನೆಲೆಯಲ್ಲಿ ಅದರ ಕಾಳುಗಳು ಸಿಕ್ಕಿವೆ. ಪಕ್ಕದ ಮೂಟೆಯ ಅಲಸಂದೆಯೂ ಆಫ್ರಿಕದ್ದೇ. ಸಜ್ಜೆ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಗಟ್ಟಿಯಾಗಿ ಬೇಯಿಸಿ ಬೆಂಡೆಯ ಸಾರಿನಲ್ಲೋ, ಬಾವೊಬಾಬ್ ಎಲೆಯ ಸಾರಿನಲ್ಲೋ ಅದ್ದಿ ತಿನ್ನುವುದು ಇಲ್ಲಿಯ ನಿತ್ಯದ ಊಟ. ಮುದ್ದೆ ಉಣ್ಣುವವರಿಗೆ ಹೊಸದೇನೂ ಅಲ್ಲ. ಬಾವೊಬಾಬ್ ಎಂದರೆ ಸವಣೂರಿನಲ್ಲಿ ಹೆಸರಾದ ದೊಡ್ಡಹುಣಸೆ ಮರವೇ.

ದೂರದಿಂದ ಬಂದ ಎರಡು ಸರಕುಗಳಿವೆ. ಉತ್ತರದ್ದು ಉಪ್ಪು. ಟಿಂಬಕ್ಟುವಿನಿಂದ ಸುಮಾರು 650 ಕಿ.ಮೀ. ಉತ್ತರಕ್ಕೆ ಟೌಡೆನ್ನಿ ಎಂಬಲ್ಲಿ ಎಂದೋ ಬತ್ತಿಹೋದ ಸರೋವರದ ತಳದಿಂದ ಉಪ್ಪನ್ನು ಕಲ್ಲುಚಪ್ಪಡಿಯಂತೆ ಕೊಯ್ದು ತೆಗೆಯುತ್ತಾರೆ. ಒಂದೊಂದು ಚಪ್ಪಡಿ 30-40 ಕಿಲೋ, ಒಂಟೆಯೊಂದಕ್ಕೆ ನಾಲ್ಕು. ಈಗೀಗ ಲಾರಿಗಳೂ ತರುತ್ತವೆ. ಬೆವರಿನಲ್ಲಿ ಸೋಡಿಯಂ ಕಳೆದುಕೊಳ್ಳುವ ಬಿಸಿಲುನಾಡಿನ ಮನುಷ್ಯನಿಗೂ ದನಕ್ಕೂ ಉಪ್ಪು ಬೇಕೇ ಬೇಕು; ಸಮುದ್ರವೋ ಬಹಳ ದೂರ. ದಕ್ಷಿಣದ್ದು ಕೋಲಾ ಕಾಯಿ. ಮಳೆಕಾಡಿನಲ್ಲಿ ಬೆಳೆಯುವ ಈ ಕಹಿ ಬೀಜದಲ್ಲಿ ಕಾಫಿಯಲ್ಲಿರುವ ಕೆಫೀನೇ ಇದೆ. ಅತಿಥಿ ಬಂದಾಗ, ಹೆಣ್ಣು ಕೇಳಲು ಹೋಗುವಾಗ, ಪಂಚಾಯಿತಿ ಕೂಡಿದಾಗ ಕೋಲಾ ಕೊಡದಿದ್ದರೆ ಮರ್ಯಾದೆಯಲ್ಲ. ನಮ್ಮ ವೀಳ್ಯದೆಲೆಯ ಸ್ಥಾನ ಅದಕ್ಕೆ.

ಬಟ್ಟೆಯ ಸಾಲಿನಲ್ಲಿ ಬೊಗೊಲಾನ್ ಎಂಬ ಕಪ್ಪು-ಕಂದು ಚಿತ್ತಾರದ ಹತ್ತಿಬಟ್ಟೆ ಸಿಗುತ್ತದೆ. ಬಂಬಾರಾ ಹೆಂಗಸರ ಕೈಯಲ್ಲಿ ಬೆಳೆದ ಕಲೆ. ಇದರ ಬಣ್ಣ ಅಂಗಡಿಯದಲ್ಲ, ಕೆಸರು! ಮೊದಲು ಬಟ್ಟೆಯನ್ನು ಎಲೆಯ ಕಷಾಯದಲ್ಲಿ ಅದ್ದುತ್ತಾರೆ. ಆ ಎಲೆ ನಮ್ಮ ಕಾಡಿನ ದಿಂಡಿಗ ಮರದ ಬಳಗಕ್ಕೇ ಸೇರಿದ ಮರದ್ದು. ಅದರ ತುಂಬ ಒಗರು ಅಂಶವಾದ ಟ್ಯಾನಿನ್. ಒಣಗಿದ ಮೇಲೆ, ಹಲವು ತಿಂಗಳು ಮಡಕೆಯಲ್ಲಿ ಕೊಳೆಸಿಟ್ಟ ಕೆರೆಯ ಕಪ್ಪು ಕೆಸರಿನಿಂದ ಚಿತ್ರ ಬರೆಯುತ್ತಾರೆ. ಕೆಸರಿನಲ್ಲಿರುವ ಕಬ್ಬಿಣ ಟ್ಯಾನಿನ್ನಿನೊಡನೆ ಕೂಡಿ, ತೊಳೆದರೂ ಹೋಗದ ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆ ಏಕೆ ಕಪ್ಪಾಗುತ್ತದೆಂದು ಮಕ್ಕಳು ಕೇಳಿದರೆ ತಾಯಂದಿರು ಇದನ್ನೇ ಹೇಳಬಹುದು. ರಸಾಯನಕ್ರಿಯೆ ಅದೇ.

ಚೌಕಾಸಿಯ ನಡುವೆ ಬೈಗುಳವೂ ಕೇಳಿಬರುತ್ತದೆ. ಹೊಸಬರು ಗಾಬರಿಯಾಗಬೇಕಿಲ್ಲ. ಇಲ್ಲಿ ಕೆಲವು ಕುಲಗಳಿಗೂ ಜನಾಂಗಗಳಿಗೂ ನಡುವೆ ಹಾಸ್ಯದ ನಂಟು ಎಂಬುದಿದೆ. ನಮ್ಮಲ್ಲಿ ಸೋದರತ್ತೆ, ಸೋದರಮಾವನ ಮಕ್ಕಳಿಗೆ ಒಬ್ಬರನ್ನೊಬ್ಬರು ಛೇಡಿಸುವ ಸಲಿಗೆ ಇರುತ್ತದಲ್ಲ, ಅದನ್ನು ಇಡೀ ಜನಾಂಗಕ್ಕೆ ಹಿಗ್ಗಿಸಿದಂತೆ. ಫುಲಾನಿಗೂ ಕಮ್ಮಾರನಿಗೂ ಈ ನಂಟಿದೆ. ಬೋಜೊಗೂ ಡೋಗೊನ್ನನಿಗೂ ಇದೆ. ಹಸಿವಿನಿಂದ ಸಾಯುತ್ತಿದ್ದ ಡೋಗೊನ್ ಮಗುವಿಗೆ ಬೋಜೊ ಒಬ್ಬ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಉಣಿಸಿದನೆಂದು ಅದರ ಕಥೆ. ಅಂದಿನಿಂದ ಅವರಲ್ಲಿ ಮದುವೆಯಿಲ್ಲ, ಜಗಳವೂ ಇಲ್ಲ. ಬೈಗುಳ ಮಾತ್ರ ಬೇಕಾದಷ್ಟು. ಹಾಸ್ಯದ ನಂಟಿನವರಲ್ಲಿ ಮಾಲಿಯ ಉದ್ದಗಲಕ್ಕೂ ಓಡಾಡುವ ಬೈಗುಳವೆಂದರೆ 'ನೀನು ಅಲಸಂದೆ ತಿನ್ನುವವನು' ಎಂಬುದು. ಬೈಸಿಕೊಂಡವನು ನಗಲೇಬೇಕು, ಸಿಟ್ಟಾಗುವಂತಿಲ್ಲ. ಬೆಲೆಯ ಮೇಲಿನ ತಕರಾರು ಹೊಡೆದಾಟಕ್ಕೆ ಹೋಗದಂತೆ ತಡೆಯಲು ಇದರಷ್ಟು ಅಗ್ಗದ ಪೊಲೀಸ್ ವ್ಯವಸ್ಥೆ ಸಿಗಲಿಕ್ಕಿಲ್ಲ.

ಈ ಎಲ್ಲ ಗದ್ದಲದ ಮೇಲೆ ಮಣ್ಣಿನ ಬೆಟ್ಟದಂತೆ ನಿಂತಿರುವುದು ಮಸೀದಿ. ಮೂರು ಗೋಪುರ, ತುದಿಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆ, ಒಳಗೆ 90 ಕಂಬ, ಗೋಡೆಯ ತುಂಬ ಹೊರಚಾಚಿದ ತಾಳೆಯ ತೊಲೆ. 1828ರಲ್ಲಿ ವೇಷ ಮರೆಸಿಕೊಂಡು ಬಂದ ಫ್ರೆಂಚ್ ಪ್ರವಾಸಿ ರೆನೆ ಕಾಯೆ ಕಂಡದ್ದು ಹಿಂದಿನ, ಪಾಳುಬಿದ್ದು ಅಂಬರಗುಬ್ಬಿಗಳ ಪಾಲಾಗಿದ್ದ ಮಸೀದಿಯನ್ನು. ಈಗಿನದು 1907ರಲ್ಲಿ ಮುಗಿದದ್ದು. ಕಟ್ಟಿಸಿದ ಮುಖ್ಯ ಮೇಸ್ತ್ರಿ ಇಸ್ಮೈಲಾ ತ್ರಾವೊರೆ. ಕಲ್ಲಿಲ್ಲ, ಸಿಮೆಂಟಿಲ್ಲ, ಬರೀ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ. ದಪ್ಪ ಮಣ್ಣಿನ ಗೋಡೆ ಹಗಲಿನ ಶಾಖವನ್ನು ಮೆಲ್ಲಗೆ ಹೀರಿಕೊಂಡು ರಾತ್ರಿ ಬಿಡುತ್ತದೆ, ಹೀಗಾಗಿ ಒಳಗೆ ತಂಪು. ಮಳೆಗೆ ಮಾತ್ರ ಅದು ಕರಗುತ್ತದೆ. ಆದ್ದರಿಂದ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಊರೆಲ್ಲ ಸೇರಿ ಹೊಸದಾಗಿ ಮಣ್ಣು ಮೆತ್ತಬೇಕು. ಕೆಸರಿಗೆ ಭತ್ತದ ಹೊಟ್ಟು, ತೌಡು ಬೆರೆಸಿ ದಿನಗಟ್ಟಲೆ ಕೊಳೆಸುತ್ತಾರೆ. ಹೊಟ್ಟು ಬಿರುಕನ್ನು ತಡೆಯುತ್ತದೆ. ಕೊಳೆತದ್ದರ ಅಂಟು ಮಣ್ಣನ್ನು ಹಿಡಿಯುತ್ತದೆ. ಇಲ್ಲಿಯೂ ಗಮನಿಸಿ: ಕೆಸರು ನದಿಯದು, ಹೊಟ್ಟು ಭತ್ತದ ರೈತನದು, ಮೇಸ್ತ್ರಿಗಳಲ್ಲಿ ಬಹುಪಾಲು ಬೋಜೊ ಮೂಲದವರು. ಕೇರಿ ಕೇರಿಗೆ ಪಂದ್ಯ ಕಟ್ಟಿ ಹುಡುಗರು ಬುಟ್ಟಿ ಹೊತ್ತು ಓಡುತ್ತಾರೆ, ಹೆಣ್ಣುಮಕ್ಕಳು ನೀರು ಹೊರುತ್ತಾರೆ. ಮಣ್ಣಾಗದೆ ಮನೆಗೆ ಹೋಗುವ ಮಗು ಅಂದು ಒಂದೂ ಇರುವುದಿಲ್ಲ.

ಊರಿನಿಂದ 3 ಕಿ.ಮೀ. ದೂರದಲ್ಲಿ ಒಂದು ದಿಬ್ಬವಿದೆ. ಅದು ಹಳೆಯ ಜೆನ್ನೆ. ರಾಡ್ರಿಕ್ ಮತ್ತು ಸೂಸನ್ ಮೆಕಿಂಟಾಷ್ ದಂಪತಿ 1977ರಲ್ಲೂ 1981ರಲ್ಲೂ ಅದನ್ನು ಅಗೆದರು. ಕ್ರಿಸ್ತಪೂರ್ವ 250ರ ಸುಮಾರಿಗೆ ಆರಂಭವಾದ ಆ ನೆಲೆ ಕ್ರಿ.ಶ. 800ರ ಹೊತ್ತಿಗೆ 33 ಹೆಕ್ಟೇರಿನ ಪಟ್ಟಣವಾಗಿತ್ತು. ಆಫ್ರಿಕದ ಭತ್ತ, ಮೀನಿನ ಮುಳ್ಳು, ದನದ ಎಲುಬು ಎಲ್ಲ ಸಿಕ್ಕವು. ಆ ಬಯಲಿನಲ್ಲಿ ಕಬ್ಬಿಣದ ಅದಿರೂ ಇಲ್ಲ, ತಾಮ್ರವೂ ಇಲ್ಲ. ಎಲ್ಲವೂ ದೂರದಿಂದ ವ್ಯಾಪಾರದಲ್ಲಿ ಬಂದದ್ದು. ಅಗೆದವರಿಗೆ ಸಿಗದೇ ಹೋದದ್ದು ಅರಮನೆ. ರಾಜನ ಕುರುಹಿಲ್ಲದೆ, ಒಂದೊಂದು ಕಸುಬಿನವರು ಅಕ್ಕಪಕ್ಕದ ದಿಬ್ಬಗಳಲ್ಲಿ ನೆಲೆಸಿ, ಕೊಟ್ಟು ಕೊಂಡು ಬಾಳಿದ ಪಟ್ಟಣ ಇದಾಗಿರಬೇಕೆಂಬುದು ಮೆಕಿಂಟಾಷರ ವಾದ. ಪಟ್ಟಣವೆಂದರೆ ಮೊದಲು ಕೋಟೆ, ಅರಸು ಎಂದು ಬಾಯಿಪಾಠ ಮಾಡಿಸುವ ಪಠ್ಯಪುಸ್ತಕಗಳಲ್ಲಿ ಈ ದಿಬ್ಬಕ್ಕೂ ಒಂದು ಪುಟ ಸಿಗಬೇಕಾಗಿತ್ತು. 1988ರಲ್ಲಿ ಈ ದಿಬ್ಬವೂ ಸೇರಿ ಜೆನ್ನೆ ವಿಶ್ವ ಪರಂಪರೆಯ ಪಟ್ಟಿಗೆ ಬಂತು.

ಎರಡು ಸಾವಿರ ವರ್ಷ ನಡೆದುಬಂದ ಸರದಿ ಕಳೆದ ಐವತ್ತು ವರ್ಷಗಳಲ್ಲಿ ತಪ್ಪತೊಡಗಿತು. 1970ರ ದಶಕದಲ್ಲಿ ಬರ, 1983-84ರಲ್ಲಿ ಇನ್ನೂ ದೊಡ್ಡ ಬರ. 1984ರಲ್ಲಿ ನೆರೆ ಹರಡಿದ್ದು 10 ಸಾವಿರ ಚದರ ಕಿ.ಮೀ.ಗೂ ಕಡಿಮೆ. ಮೇಲ್ಗಡೆ ಅಣೆಕಟ್ಟುಗಳೂ ಬಂದಿದ್ದವು: ಮರ್ಕಾಲಾದಲ್ಲಿ 1947ರಲ್ಲಿ, ಸೆಲಿಂಗೆಯಲ್ಲಿ 1982ರಲ್ಲಿ. ಕಾಲುವೆಯ ನೀರಿಗೂ ವಿದ್ಯುತ್ತಿಗೂ ಅವು ಬೇಕಾಗಿದ್ದವು, ಸುಳ್ಳಲ್ಲ. ಆದರೆ ಅವು ಹಿಡಿದಿಟ್ಟಷ್ಟು ನೀರು ಕೆಳಗಿನ ಬಯಲಿಗೆ ಕಡಿಮೆ. ನೆರೆ ಕುಗ್ಗಿದಾಗ ರೈತ ನೀರನ್ನು ಹಿಂಬಾಲಿಸಿ ಬೂರ್ಗುವಿನ ತಗ್ಗಿಗೇ ಇಳಿದು ಭತ್ತ ಬಿತ್ತಿದ. ಹುಲ್ಲು ಕಾಣದ ದನ ಪೈರಿಗೆ ನುಗ್ಗಿತು. ಬರದಲ್ಲಿ ಮಂದೆ ಕಳೆದುಕೊಂಡ ಎಷ್ಟೋ ಫುಲಾನಿಗಳು ಪರರ ದನ ಕಾಯುವ ಕೂಲಿಗಳಾದರು. ಮೊದಲು ಹಿರಿಯರ ಕಟ್ಟೆಯಲ್ಲಿ ಬಗೆಹರಿಯುತ್ತಿದ್ದ ತಕರಾರು ಕೋರ್ಟು ಕಚೇರಿಗೆ ಹತ್ತಿತು.

ಆ ಮೇಲೆ ಬಂದದ್ದು ಬಂದೂಕು. 2012ರಲ್ಲಿ ಉತ್ತರ ಮಾಲಿಯಲ್ಲಿ ಹೊತ್ತಿದ ದಂಗೆ 2015ರ ಹೊತ್ತಿಗೆ ಈ ನಡುನಾಡಿಗೂ ಇಳಿಯಿತು. ಸಶಸ್ತ್ರ ಉಗ್ರಗಾಮಿಗಳು ದನಗಾಹಿಗಳ ಅಸಮಾಧಾನವನ್ನು ಬಳಸಿಕೊಂಡರು. ಅವರನ್ನು ಎದುರಿಸುವ ಹೆಸರಿನಲ್ಲಿ ಬೇಸಾಯಗಾರರ ಕಡೆಯಲ್ಲೂ ಆಯುಧ ಹಿಡಿದ ಗುಂಪುಗಳೆದ್ದವು. ಜೆನ್ನೆಗೆ ಪೂರ್ವದ ಸೀಮೆಯಲ್ಲಿ, 2019ರ ಮಾರ್ಚ್ 23ರಂದು, ಒಗೊಸ್ಸಗು ಎಂಬ ಫುಲಾನಿ ಹಳ್ಳಿಯಲ್ಲಿ ಸುಮಾರು 160 ಜನರ ಕೊಲೆಯಾಯಿತು. ಅದೇ ಜೂನ್‌ನಲ್ಲಿ ಡೋಗೊನ್ನರ ಸೊಬಾನೆ ಡಾ ಹಳ್ಳಿಯಲ್ಲಿ 35 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಇದನ್ನು ಹಳೆಯ ಜನಾಂಗದ್ವೇಷ ಎಂದು ಬರೆದು ಕೈತೊಳೆದುಕೊಂಡ ಪತ್ರಿಕೆಗಳಿವೆ. ಅಷ್ಟು ಹಳೆಯ ದ್ವೇಷವಿದ್ದಿದ್ದರೆ ಒಂದೇ ಗದ್ದೆಯನ್ನು ಸರದಿಯಲ್ಲಿ ಬಳಸಿ ಇಷ್ಟು ಶತಮಾನ ಬಾಳಲು ಹೇಗೆ ಸಾಧ್ಯವಾಗುತ್ತಿತ್ತು?

2016ರಲ್ಲಿ ಯುನೆಸ್ಕೊ ಜೆನ್ನೆಯನ್ನು ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಂದು ಕಾಲಕ್ಕೆ ಮಸೀದಿ ನೋಡಲು ಬರುತ್ತಿದ್ದ ಪ್ರವಾಸಿಗರು ನಿಂತುಹೋದರು. ಅವರನ್ನು ನಂಬಿದ್ದ ಮಾರ್ಗದರ್ಶಿಗಳು, ಹೋಟೆಲಿನವರು, ಬೊಗೊಲಾನ್ ಮಾರುವವರು ಕೈಕಟ್ಟಿ ಕೂತರು. ಹಳ್ಳಿಗಳಿಂದ ಪಟ್ಟಣಕ್ಕೆ ಬರುವ ದಾರಿಗಳೇ ಭಯದ ದಾರಿಗಳಾದವು. ಸಂತೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಆದರೂ 2024ರ ಮೇ ತಿಂಗಳಲ್ಲಿ ಸಾವಿರಾರು ಜನ ಸೇರಿ ಮಸೀದಿಗೆ ಮಣ್ಣು ಮೆತ್ತಿದರು. ಕೆಸರು ಹದ ಮಾಡಿ, ಬುಟ್ಟಿ ತುಂಬಿ, ತಾಳೆಯ ತೊಲೆಗಳನ್ನೇ ಮೆಟ್ಟಿಲು ಮಾಡಿಕೊಂಡು ಮೇಸ್ತ್ರಿಗಳು ಗೋಪುರ ಹತ್ತಿದರು. ಬೇಗನೆ ಮುಗಿಸಬೇಕಿತ್ತು; ಮಳೆಗೆ ಹೆಚ್ಚು ದಿನ ಉಳಿದಿರಲಿಲ್ಲ.